ಮೇಕಪ್‌ಗೆ ಮುಂಚಿನ ಫೋಟೊ

ಮಾರ್ಚ್ 4

ಗೂಬೆ,

ಕೈಬರಹ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹರಿಯುವ ಮೊದಲು ಒಂದು ಸಲ ಓದು. ಹದಿನೇಳು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿದ್ದಾಳೆ ಎಂದರೆ ಪ್ರಾಣಕ್ಕೆ ಬಂದಿದೆ ಎಂದು ತಿಳಿದುಕೋ.

ನಮ್ಮ ಧಾರಾವಾಹಿಯ ಹಿಂದಿನ ಕಥೆ ಸಿನಿಮಾ ಆಗುತ್ತಿದೆ. ನೀನೂ ಅದೇ ಯೂನಿಟ್ಟಿನಲ್ಲಿದ್ದೀ ಎಂದು ಮೇಕಪ್ ಅಣ್ಣ ಹೇಳಿದರು. ನೀರು ಬತ್ತಿಸಿದ ಈಜುಕೊಳದಲ್ಲಿ ಹೆಣವಾಗಿ ಸಿಕ್ಕ ಹುಡುಗಿ ಅದಕ್ಕೂ ಮುಂಚೆ ಏಳು ದಿನ ಹೇಗೆ ಬದುಕಿದ್ದಳು ಎನ್ನುವ ಕಥೆಯಂತೆ. ಅಂದು ಹೆಣ ನಾನು. ಈ ಸಲವೂ ಅದೇ ನಿರ್ದೇಶಕರು, ನಮ್ಮ ಮೇಷ್ಟ್ರು. ಇಂದು ಜೀವವಿರುವ ಹುಡುಗಿಯ ಪಾತ್ರಕ್ಕೆ ಅವರು ನನ್ನ ಮಗಳನ್ನು ಆರಿಸಿದ್ದಾರೆ. ಅವಳಿಗೀಗ ಇಪ್ಪತ್ತು. ನನ್ನನ್ನು ಕೇಳದೆಯೇ ಸಹಿ ಹಾಕಿ ಬಂದಳು. ಅದೇ ಮೂಗು, ಅದೇ ಹಣೆ ಎಂದು ಅವರು ಗಲ್ಲ ಹಿಡಿದು ಹೇಳಿದರಂತೆ.

ನಾನು ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮೊದಲ ಕಂತಿನಲ್ಲಿ ನನ್ನ ಕತ್ತಿನ ಮೇಲೆ ಕಂಡ ಬೆರಳ ಗುರುತು ಮೇಕಪ್ ಅಲ್ಲ, ಮೇಷ್ಟ್ರ ಕೈ ಎಂದೆ. ಅವಳು ನಕ್ಕಳು. "ಅಮ್ಮಾ, ಆ ಗುರುತಿನ ಬಗ್ಗೆ ಜನ ಹದಿನೇಳು ವರ್ಷದಿಂದ ತಲೆ ಕೆಡಿಸ್ಕೊಂಡಿದಾರೆ. ನಿಂಗೆ ಈಗ ನೆನಪಾಯ್ತಾ? ನಿನ್ನ ಪಾರ್ಟು ನಂಗೆ ಸಿಕ್ತು ಅಂತ ಹೊಟ್ಟೆಕಿಚ್ಚು" ಎಂದಳು. ಹೆತ್ತ ಮಗಳ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳುವೂ ಬರಲಿಲ್ಲ.

ಗುರುತಿನ ವಿಷಯ ನಿನಗೆ ಹೇಳಬೇಕಿಲ್ಲ. ಅದು ಕಥೆಯಲ್ಲಿ ಇರಲೇ ಇಲ್ಲ. ಇಪ್ಪತ್ತೆರಡು ಕಂತು ಮುಗಿದರೂ ಯಾವ ಪಾತ್ರವೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಅದಕ್ಕೇ ಅದು ದೊಡ್ಡ ಒಗಟಾಯಿತು, ಧಾರಾವಾಹಿಗೆ ಹುಚ್ಚು ಅಭಿಮಾನಿಗಳು ಹುಟ್ಟಿಕೊಂಡರು, ಸಂಘಗಳಾದವು. ಈ ಸಿನಿಮಾ ಮಾಡುತ್ತಿರುವುದೇ ಆ ಒಗಟು ಬಿಡಿಸುವುದಕ್ಕಂತೆ.

ನೀನು ಕಂಟಿನ್ಯುಟಿ ಬರೆಯುವವಳು. ಯಾರ ಯಾವ ಗುಂಡಿ ಬಿಚ್ಚಿತ್ತು, ಲೋಟ ಯಾವ ಕೈಯಲ್ಲಿತ್ತು, ಎಲ್ಲ ನಿನ್ನ ಪುಸ್ತಕದಲ್ಲಿರುತ್ತದೆ. ಆ ದಿನ ನಾನು ಮೇಕಪ್ ಕುರ್ಚಿಯಲ್ಲಿ ಕೂರುವ ಮೊದಲೇ ನೀನೊಂದು ಫೋಟೊ ತೆಗೆದಿದ್ದೆ. ಗಳಿಗೆಯಲ್ಲಿ ಅಚ್ಚಾಗಿ ಹೊರಬೀಳುವ ಕ್ಯಾಮೆರಾದಲ್ಲಿ. ಸಮಯ ಬರೆದು ಪುಟಕ್ಕೆ ಅಂಟಿಸಿದ್ದೂ ನೆನಪಿದೆ. ಆ ಪುಟ ಇದ್ದರೆ ಕಳಿಸು. ನನ್ನ ಮಾತು ನಂಬದವಳು ಅದನ್ನಾದರೂ ನಂಬುತ್ತಾಳೆ.

ನಿನ್ನ
ಪಿಟೀಲು


ಮಾರ್ಚ್ 15

ಪಿಟೀಲು,

ಹರಿಯಲಿಲ್ಲ. ಎರಡು ಸಲ ಓದಿದೆ. ಎರಡನೆಯದು ಬರೀ ಖುಷಿಗೆ.

ನಿನಗೆ ಎಷ್ಟು ನೆನಪಿದೆಯೋ ಕಾಣೆ, ನನ್ನ ಕೆಲಸವೇ ನೆನಪಿಡುವುದು. ಬೆಳಿಗ್ಗೆ ಏಳು ಹತ್ತು. ನೀನು ಬೂದು ಬಣ್ಣದ ಶಾಲು ಸುತ್ತಿಕೊಂಡು ಬಂದೆ. ಶಾಲು ತೆಗೆ, ಫೋಟೊ ಬೇಕು ಎಂದೆ. ತೆಗೆದೆ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ಹೆಬ್ಬೆರಳು. "ಏನೇ ಇದು?" ಎಂದು ಕೇಳಿದ್ದಕ್ಕೆ ನೀನು ಗೋಡೆ ನೋಡಿದೆ. ನಾನು ಸುಮ್ಮನಿರಲಿಲ್ಲ ಕಣೇ. ನೇರ ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಅವನು ಎಲ್ಲರನ್ನೂ ಕೊಳದ ದಂಡೆಗೆ ಕರೆಸಿದ. ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಆಗ ನೀನು ಏನೆಂದೆ? "ಬಚ್ಚಲಲ್ಲಿ ಜಾರಿ ಬಿದ್ದೆ. ಇವಳಿಗೆ ನನ್ನ ಕಂಡ್ರೆ ಆಗಲ್ಲ, ಹೊಟ್ಟೆಕಿಚ್ಚು. ಸುಳ್ಳು ಹೇಳ್ತಿದಾಳೆ." ನಿನ್ನ ಮಗಳಿಗೆ ಆ ಪದ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡ.

ನನ್ನ ತಲೆಯ ಮೇಲೇ ಗೂಬೆ ಕೂರಿಸಿದೆ. ಮಧ್ಯಾಹ್ನದ ಊಟಕ್ಕೂ ನಿಲ್ಲಿಸಿಕೊಳ್ಳದೆ ಕಳಿಸಿದರು. ಪುಸ್ತಕ ಎದೆಗವಚಿಕೊಂಡು ಹೊರಟೆ, ಅದೊಂದನ್ನು ಯಾರೂ ಕೇಳಲಿಲ್ಲ. ನಿರ್ದೇಶಕನ ಮೇಲೆ ಚಾಡಿ ಹೇಳುವವಳು ಎಂದು ಹೆಸರು ಬಿದ್ದ ಮೇಲೆ ಇನ್ನೆಲ್ಲಿಯ ಕೆಲಸ? ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆಗಳಿಗೆ ನಂಬರಿನ ಚೀಟಿ ಹೊಲಿದೆ. ಹದಿಮೂರು ವರ್ಷ. ಕಲೆ ಇರುವುದು ಬೇರೆ ಗಂಟು, ಇಲ್ಲದ್ದು ಬೇರೆ ಗಂಟು. ಅಲ್ಲೂ ನನ್ನ ಕಣ್ಣು ತಪ್ಪಲಿಲ್ಲ.

ಈಗ ಮೇಷ್ಟ್ರೇ ಕರೆಸಿದ್ದಾರೆ. ಧಾರಾವಾಹಿಯ ಒಂದೊಂದು ಗುಂಡಿಯೂ ಸಿನಿಮಾಕ್ಕೆ ಹೊಂದಬೇಕಲ್ಲ, ನನ್ನನ್ನು ಬಿಟ್ಟರೆ ಯಾರಿಗೆ ಗೊತ್ತು? ಬೇಕಾದಾಗ ಅತ್ತೆಯ ಮನೆಗೂ ದಾರಿ ಕಾಣುತ್ತದೆ.

ಪುಟ ಇದೆ. ಫೋಟೊ ಸ್ವಲ್ಪ ಹಳದಿಯಾಗಿದೆ, ಬೆರಳುಗಳು ಎಣಿಸುವಷ್ಟು ಸ್ಪಷ್ಟ. ಆದರೆ ನಿನ್ನ ಪತ್ರದಲ್ಲಿ "ತಪ್ಪಾಯಿತು" ಎನ್ನುವ ಪದ ಹುಡುಕಿದೆ, ಸಿಗಲಿಲ್ಲ. ಅಂದು ಏನಾಯಿತು, ನೀನು ಯಾಕೆ ಸುಳ್ಳು ಹೇಳಿದೆ, ಎರಡನ್ನೂ ಬಿಡದೆ ಬರೆ. ಇದು ಮೊದಲನೇ ಟೇಕ್ ಎಂದುಕೊಳ್ಳುತ್ತೇನೆ. ಸಾಲದು.

ಗೂಬೆ


ಮಾರ್ಚ್ 22

ಗೂಬೆ,

ತಪ್ಪಾಯಿತು. ಮೊದಲೇ ಬರೆಯುತ್ತೇನೆ, ಹುಡುಕುವ ಶ್ರಮ ಬೇಡ.

ಆರು ಗಂಟೆಗೆ ಮೇಷ್ಟ್ರು ರಿಹರ್ಸಲ್ ಎಂದು ಕರೆಸಿದರು. ಬಟ್ಟೆ ಬದಲಿಸುವ ಕೋಣೆ, ನಾವಿಬ್ಬರೇ. ಬೆಂಚಿನ ಮೇಲೆ ಮಲಗು ಎಂದರು. ಮಲಗಿದೆ. "ಸತ್ತವಳ ಕಣ್ಣು ನಿಂಗೆ ಬರ್ತಿಲ್ಲ. ನೀನು ನಿದ್ದೆ ಮಾಡೋ ಹಾಗೆ ಮಾಡ್ತಿದೀಯ" ಎಂದರು. ಆಮೇಲೆ ಕತ್ತಿಗೆ ಕೈ ಹಾಕಿದರು. ಮೊದಲು ತೋರಿಸುತ್ತಿದ್ದಾರೆ ಎಂದುಕೊಂಡೆ. ಒದ್ದಾಡಿದೆ. ಅವರ ಮುಖದಲ್ಲಿ ಕೋಪವೇ ಇರಲಿಲ್ಲ ಗೂಬೆ, ಅನ್ನ ಬೆಂದಿದೆಯೋ ಎಂದು ಅಗುಳು ಹಿಚುಕಿ ನೋಡುವ ಹಾಗೆ ನೋಡುತ್ತಿದ್ದರು. ಕಣ್ಣು ಕತ್ತಲಾಯಿತು. ಎಚ್ಚರವಾದಾಗ "ಈಗ ಬಂತು ನೋಡು" ಎಂದು ನೀರಿನ ಲೋಟ ಕೊಟ್ಟರು.

ಸುಳ್ಳು ಯಾಕೆ ಹೇಳಿದೆ? ಮನೆಯಲ್ಲಿ ಮೂರು ವರ್ಷದ ಮಗು ಇತ್ತು. ಮಗುವಿನ ಅಪ್ಪ ಬಿಟ್ಟುಹೋಗಿ ಎಂಟು ತಿಂಗಳಾಗಿತ್ತು. ಹೆಣದ ಪಾತ್ರಕ್ಕೆ ಫ್ಲ್ಯಾಶ್‌ಬ್ಯಾಕ್ ಇದೆ, ಒಂದು ವರ್ಷ ಕೆಲಸ ಎಂದಿದ್ದರು. ನಿಜ ಹೇಳಿದರೆ ಆ ವರ್ಷ ಹೋಗುತ್ತಿತ್ತು. ನಿನ್ನನ್ನು ಬಲಿ ಕೊಟ್ಟೆ. ಫ್ಲ್ಯಾಶ್‌ಬ್ಯಾಕು ಎರಡೇ ಬಂದವು, ಎರಡರಲ್ಲೂ ಬೆನ್ನು ತೋರಿಸಿ ನಿಂತಿದ್ದೆ. ಈಗ ಡಬ್ಬಿಂಗ್ ಕೋಣೆಯಲ್ಲಿ ಬೇರೆ ನಟಿಯರಿಗೆ ಚೀರುವ, ಬಿಕ್ಕುವ ಸದ್ದು ಕೊಡುತ್ತೇನೆ. ಮಾಡಿದ್ದುಣ್ಣೋ ಮಹಾರಾಯ.

ಮಗಳ ಸ್ಕ್ರಿಪ್ಟ್ ಕದ್ದು ಓದಿದೆ. ಗುರುತಿನ ಒಗಟನ್ನು ಹೇಗೆ ಬಿಡಿಸಿದ್ದಾರೆ ಗೊತ್ತೇ? ಹುಡುಗಿ ತಾನೇ ಕನ್ನಡಿ ಮುಂದೆ ನಿಂತು ಕತ್ತು ಹಿಸುಕಿಕೊಳ್ಳುತ್ತಾಳೆ. ಅವಳೇ ಮಾಡಿಕೊಂಡದ್ದು! ಕೊನೆಗೆ ಕೊಳದಲ್ಲಿ ಬಿದ್ದಿರುವ ದೃಶ್ಯ. ಅದರ ರಿಹರ್ಸಲ್ ಏಪ್ರಿಲ್ 28ಕ್ಕೆ, ಪಕ್ಕದಲ್ಲಿ ಮೇಷ್ಟ್ರ ಕೈಬರಹ: "ನಾನೊಬ್ಬನೇ, ಅವಳೊಬ್ಬಳೇ."

ನಿನ್ನ ಕಾಲಿಗೆ ಬೀಳುತ್ತೇನೆ. ಪುಟ ಕಳಿಸು.

ಪಿಟೀಲು


ಏಪ್ರಿಲ್ 6

ಪಿಟೀಲು,

ಎರಡನೇ ಟೇಕ್ ಪರವಾಗಿಲ್ಲ.

ನಿನ್ನ ಮಗಳು ಇಲ್ಲಿ ಸೆಟ್ಟಿಗೆ ಬಂದು ನಮ್ಮೊಂದಿಗೇ ಉಳಿದು ಹತ್ತು ದಿನವಾಯಿತು. ಗುಟ್ಟು ಹೊರಗೆ ಹೋಗಬಾರದೆಂದು ಎಲ್ಲರ ಫೋನನ್ನೂ ಗೇಟಿನಲ್ಲೇ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ, ಅದಕ್ಕೇ ನಿನಗೆ ಸಿಗುತ್ತಿಲ್ಲ. ಚೆನ್ನಾಗಿದ್ದಾಳೆ. ನಿನ್ನ ಹಾಗೆ ಮಾತಿಗೆ ಮುಂಚೆ ತುಟಿ ಒದ್ದೆ ಮಾಡಿಕೊಳ್ಳುತ್ತಾಳೆ. ನಟನೆ ನಿನಗಿಂತ ಮೇಲು, ಹೇಳಬೇಕಾದ್ದನ್ನು ಹೇಳಬೇಕು. ಕೊಳದ ಹಂಚು ತಣ್ಣಗಿರುತ್ತದೆಂದು ಶಾಟ್ ಮುಗಿದ ಕೂಡಲೇ ನಾನು ಬಿಸಿನೀರು ಕೊಡುತ್ತೇನೆ, ಕಾಲು ಅದ್ದಿಕೊಂಡು ಕೂರುತ್ತಾಳೆ. "ಆಂಟಿ, ಇಲ್ಲಿ ತಿಂದ್ಯಾ ಅಂತ ಕೇಳೋರು ನೀವೊಬ್ರೇ" ಎಂದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ.

ಮೇಷ್ಟ್ರು ನನ್ನನ್ನೂ ಕರೆಸಿದ್ದರು. "ಮೊದಲನೇ ಕಂತಿನ ಪುಸ್ತಕ ನಿಮ್ಮ ಹತ್ರ ಇದೆಯೇನಮ್ಮಾ?" ಎಂದು ಬೆಣ್ಣೆಯಂತೆ ಕೇಳಿದರು. ಇಲಿ ತಿಂದುಹಾಕಿತು ಎಂದೆ. ನಂಬಿದರು. ನನ್ನ ಸುಳ್ಳು ಇಷ್ಟು ಸಲೀಸಾಗಿ ಓಡಿದ್ದು ಇದೇ ಮೊದಲು.

ಈಗ ನನ್ನ ಕೆಲಸ ಮಾಡು. ನೀನು ನನ್ನ ಮುಂದೆ ಒಪ್ಪಿಕೊಂಡರೆ ನನಗೇನು ಬಂತು? ಅಂದು ಕೊಳದ ದಂಡೆಯಲ್ಲಿ ನಿಂತು ಕೇಳಿಸಿಕೊಂಡರಲ್ಲ, ಮ್ಯಾನೇಜರ್, ಮೇಕಪ್ ಅಣ್ಣ, ಲೈಟಿನವನು, ಬಟ್ಟೆಯ ಅಕ್ಕ, ಈ ನಾಲ್ವರಿಗೂ ಪತ್ರ ಬರೆ. "ಅವಳು ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು" ಎಂದು ಬರೆ. ಉತ್ತರ ಬಂದರೆ ನನಗೆ ಕಳಿಸು. ಆಮೇಲೆ ಪುಟದ ಮಾತು.

ಗೂಬೆ


ಏಪ್ರಿಲ್ 14

ಗೂಬೆ,

ನಾಲ್ವರಿಗೂ ಬರೆದೆ. ಲೈಟಿನವನು ತೀರಿಕೊಂಡು ಐದು ವರ್ಷವಾಯಿತೆಂದು ಅವನ ತಮ್ಮ ಬರೆದಿದ್ದಾನೆ. ಮ್ಯಾನೇಜರಿಗೆ ಈಗ ಯಾರ ಗುರುತೂ ಹತ್ತುವುದಿಲ್ಲವಂತೆ, ಹೆಂಡತಿ ಓದಿ ಹೇಳಿದರೆ ಸುಮ್ಮನೆ ತಲೆ ಆಡಿಸಿದರಂತೆ. ಬಟ್ಟೆಯ ಅಕ್ಕ ಒಂದೇ ಸಾಲು: "ನಂಗೆ ಅವತ್ತೇ ಗೊತ್ತಿತ್ತು." ಮೇಕಪ್ ಅಣ್ಣ ಮನೆಗೇ ಬಂದು ಬೈದರು. "ಹೂತಿರೋ ಹೆಣ ಯಾಕಮ್ಮ ಅಗೀತೀರ? ಆ ಗುರುತು ನಾನು ಹಚ್ಚಿದ್ದು ಅಂತ ಊರೆಲ್ಲ ನನ್ನ ಕೈ ಹೊಗಳ್ತಿದೆ, ಅದಕ್ಕೂ ಕಲ್ಲು ಹಾಕ್ತೀರ" ಎಂದರು. ಎಲ್ಲ ಕಾಗದ ಇದರ ಜೊತೆಗಿದೆ. ನಿನ್ನ ಹೆಸರು ಚೊಕ್ಕಟವಾಯಿತು. ಯಾರ ಮುಂದೆ ಚೊಕ್ಕಟವಾಯಿತೆಂದು ನೀನೇ ಲೆಕ್ಕ ಹಾಕು.

ನಿನ್ನೆ ನಾನೇ ಅಲ್ಲಿಗೆ ಬಂದಿದ್ದೆ. ಗೇಟಿನ ಹೊರಗೆ ಅಭಿಮಾನಿಗಳ ಗುಂಪಿತ್ತು. ಒಬ್ಬಳು ನನ್ನ ಗುರುತು ಹಿಡಿದು "ಅಯ್ಯೋ, ಹೆಣ! ಹೆಣ ಬಂದಿದೆ ನೋಡ್ರೋ!" ಎಂದು ಕೂಗಿದಳು. ಎಲ್ಲರೂ ಮುತ್ತಿಕೊಂಡರು. ಮಲಗಿ ಕಣ್ಣು ಮುಚ್ಚಿ, ಒಂದು ಫೋಟೊ ಎಂದರು. ಮಲಗಿದರೆ ಒಳಗೆ ಬಿಡಿಸುತ್ತೇವೆ, ಕಾವಲಿನವನು ನಮ್ಮವನೇ ಎಂದರು. ಮಲಗಿದೆ ಗೂಬೆ. ನಲವತ್ತೊಂದು ವರ್ಷದ ಹೆಂಗಸು ಫುಟ್‌ಪಾತಿನ ಮೇಲೆ ಅಂಗಾತ ಮಲಗಿದೆ. ಒಬ್ಬನು ಬಗ್ಗಿ ನನ್ನ ಕತ್ತಿನ ಮೇಲೆ ಪೆನ್ನಿನಿಂದ ಐದು ಗೀಟು ಎಳೆದ.

ಕಣ್ಣು ಬಿಟ್ಟಾಗ ಗೇಟಿನ ಒಳಗೆ ಮಗಳು ನಿಂತಿದ್ದಳು. "ಅಮ್ಮಾ, ಎದ್ದೇಳು. ನನ್ನ ಮಾನ ಕಳೀಬೇಡ" ಎಂದಳು. ಮೇಷ್ಟ್ರ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೊರಟುಹೋದಳು.

ನೀನು ಕೇಳಿದ್ದೆಲ್ಲ ಮಾಡಿದೆ. ಇನ್ನು ಹದಿನಾಲ್ಕು ದಿನ ಇದೆ. ನನಗೆ ಕಳಿಸುವುದೂ ಬೇಡ, ಅವಳಿಗೇ ತೋರಿಸು.

ಪಿಟೀಲು


ಏಪ್ರಿಲ್ 20

ಪಿಟೀಲು,

ಕಾಗದಗಳು ತಲುಪಿದವು. ಬಟ್ಟೆಯ ಅಕ್ಕನ ಒಂದು ಸಾಲನ್ನು ನೂರು ಸಲ ಓದಿದೆ. ಗೊತ್ತಿತ್ತಂತೆ! ನನ್ನನ್ನು ಹೊರದಬ್ಬುವಾಗ ಅವಳೇ ನನ್ನ ಚೀಲ ತಂದುಕೊಟ್ಟಿದ್ದಳು.

ಪುಟವನ್ನು ನಿನ್ನ ಮಗಳ ಕೈಗೇ ಕೊಡುತ್ತೇನೆ. 27ಕ್ಕೆ, ರಿಹರ್ಸಲ್‌ನ ಹಿಂದಿನ ದಿನ. ಇವತ್ತೇ ಯಾಕಲ್ಲ ಎಂದು ಕೇಳುತ್ತೀ. ಕೊಡಬಹುದು. ಅವಳು ಪಕ್ಕದ ಕೋಣೆಯಲ್ಲೇ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಾಳೆ, ಎದ್ದು ಹೋದರೆ ಹನ್ನೆರಡು ಹೆಜ್ಜೆ. ಆದರೆ ನನಗೆ ಮನಸ್ಸಿಲ್ಲ. ನೀನು ಗಡಿಯಾರ ನೋಡುತ್ತ ಕೂತಿದ್ದೀ ಎಂದುಕೊಂಡರೆ ನನಗೆ ಅನ್ನ ರುಚಿಸುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ. ನಾನು ಇಷ್ಟು ವರ್ಷ ಇಲಿಯಾಗಿದ್ದೆ, ಬೆಕ್ಕಿನ ಸುಖ ಈಗ ತಿಳಿಯುತ್ತಿದೆ. ಕೆಟ್ಟವಳು ಎಂದುಕೋ. ಬೇಜಾರಿಲ್ಲ.

ನೀನು ನನ್ನ ಹದಿನೇಳು ವರ್ಷ ತಿಂದೆ. ನಾನು ನಿನ್ನ ಏಳು ದಿನ ತಿನ್ನಬಾರದೇ?

ಗೂಬೆ


ಏಪ್ರಿಲ್ 29

ಪಿಟೀಲು,

ಇಷ್ಟು ಹೊತ್ತಿಗೆ ಅವಳು ಮನೆ ತಲುಪಿರುತ್ತಾಳೆ. ಅವಳಿಗೆ ಮಾತಾಡಲು ಆಗುವುದಿಲ್ಲ, ಅದಕ್ಕೇ ನಾನು ಬರೆಯಬೇಕು.

ರಿಹರ್ಸಲ್ 28ರಿಂದ 25ಕ್ಕೆ ಬಂತು. ಕೊಳ ಬಾಡಿಗೆಗೆ ಕೊಟ್ಟವರು ಬೇಗ ಬಿಡಿಸಿಕೊಳ್ಳುತ್ತೇವೆ ಎಂದರಂತೆ. ಬದಲಾವಣೆಯ ಚೀಟಿಯನ್ನು ಬಾಗಿಲ ಹಿಂದೆ ಅಂಟಿಸಿದ್ದರು. ನಾನು ನೋಡಲಿಲ್ಲ. ಗುಂಡಿ ನೋಡುವವಳು, ಲೋಟ ನೋಡುವವಳು, ಚೀಟಿ ನೋಡಲಿಲ್ಲ. ರಿಹರ್ಸಲ್‌ಗೆ ಕಂಟಿನ್ಯುಟಿಯವರನ್ನು ಕರೆಯುವುದಿಲ್ಲ ಕಣೇ. ಶಾಟ್‌ಗಳ ಪಟ್ಟಿ ಬಿಟ್ಟು ಬೇರೆ ಚೀಟಿ ಓದುವ ಅಭ್ಯಾಸವೇ ನಮಗಿಲ್ಲ. ನಾವು ಬರೆಯುವುದು ಕ್ಯಾಮೆರಾ ಓಡಿದರೆ ಮಾತ್ರ.

25ರ ಬೆಳಿಗ್ಗೆ ನಾನು ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತು ನಿನ್ನ ಪತ್ರಗಳನ್ನು ಮತ್ತೆ ಓದುತ್ತಿದ್ದೆ. ಎಂಟು ನಲವತ್ತಕ್ಕೆ ಕಾರಿಡಾರಿನಲ್ಲಿ ಯಾರೋ ಕೆಮ್ಮುತ್ತ ಬಂದರು. ಬಾಗಿಲು ತೆಗೆದೆ. ಗೋಡೆ ಹಿಡಿದುಕೊಂಡು ನಿಂತಿದ್ದಳು. ಒಂದು ಕಣ್ಣಿನ ಬಿಳಿ ಪೂರ್ತಿ ಕೆಂಪಾಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಗಾಳಿ ಮಾತ್ರ ಬಂತು. ನನ್ನ ಹೆಗಲಿಗೆ ತಲೆ ಇಟ್ಟಳು. ನನ್ನ ಕುಪ್ಪಸದ ತೋಳು ಒದ್ದೆಯಾಗುವಷ್ಟು ಹೊತ್ತು ಹಾಗೇ ನಿಂತಿದ್ದಳು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮೂರು ದಿನ ಜೊತೆಗೇ ಇದ್ದೆ. ಅಮ್ಮನಿಗೆ ತಿಳಿಸಬೇಡಿ ಎಂದು ಅವಳು ಬರೆದು ತೋರಿಸಿದಳು, ಅದಕ್ಕೇ ನಿನಗೆ ಹೇಳಲಿಲ್ಲ. ಧ್ವನಿಪೆಟ್ಟಿಗೆಗೆ ಪೆಟ್ಟು ಎಂದರು. ಮೇಷ್ಟ್ರು ಹೂವು ಕಳಿಸಿದ್ದರು. "ತುಂಬಾ ತೊಡಗಿಸ್ಕೊಂಡ್ಬಿಟ್ಳು ಪಾಪ, ತಾನೇ ಮಾಡ್ಕೊಂಡಿದಾಳೆ. ದೃಶ್ಯನೇ ಹಾಗಿದೆ" ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ರಿಹರ್ಸಲ್ ಎಂದವರು ಕ್ಯಾಮೆರಾ ಓಡಿಸಿಯೇ ಇಟ್ಟಿದ್ದರಂತೆ. ಅದೇ ಸಿನಿಮಾದಲ್ಲಿ ಬರುತ್ತದೆ.

ಪುಟ ಇದರ ಜೊತೆಗಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಯಾರಿಗೆ ಬೇಕಾದರೂ ತೋರಿಸು, ಎಲ್ಲಿಗೆ ಕರೆದರೂ ಬಂದು ಸಾಕ್ಷಿ ಹೇಳುತ್ತೇನೆ. ಪೊಲೀಸರಿಗೆ ನನ್ನ ಏಪ್ರಿಲ್ 20ರ ಪತ್ರವನ್ನೂ ಕೊಡು. ಮಗಳಿಗೂ ಓದಿಸು. ನಾನು ಕೇಳಿಕೊಳ್ಳುವುದು ಅಷ್ಟೇ, ಅವಳಿಗೆ ಓದಿಸು. ನನ್ನನ್ನು ಬೈಯಲಿ.

ಗೂಬೆ


ಮೇ 30

ಪಿಟೀಲು,

ಪುಟ ಕಳಿಸಿದ ಮೇಲೆ ಬರೆಯುತ್ತಿರುವ ನಾಲ್ಕನೇ ಪತ್ರ ಇದು. ಒಂದಕ್ಕೂ ಉತ್ತರವಿಲ್ಲ. ಕೆಲಸ ಬಿಟ್ಟೆ, ಲಾಂಡ್ರಿಯಲ್ಲಿ ಮತ್ತೆ ಸೇರಿಸಿಕೊಂಡಿದ್ದಾರೆ. ನೀನು ಬೈದು ಬರೆದರೂ ಸಾಕು. ಅವಳು ಹೇಗಿದ್ದಾಳೆ ಎಂದು ಒಂದು ಸಾಲು. ನನ್ನ ಪತ್ರ ಅವಳಿಗೆ ಓದಿಸಿದೆಯೋ ಇಲ್ಲವೋ, ಅದೊಂದು ಹೇಳು.

ಗೂಬೆ


ಜುಲೈ 2

ಗೂಬೆ,

ಬೇಕೆಂದೇ ಬರೆಯಲಿಲ್ಲ. ಗಡಿಯಾರ ನೋಡುತ್ತ ಕೂರುವುದು ಹೇಗಿರುತ್ತದೆ ಎಂದು ನಿನಗೂ ತಿಳಿಯಲಿ ಎಂದುಕೊಂಡೆ.

ಮಗಳು ಈಗ ಪಿಸುಮಾತಿನಷ್ಟು ಮಾತಾಡುತ್ತಾಳೆ. ಅದಕ್ಕಿಂತ ಹೆಚ್ಚು ಬರುವುದು ಅನುಮಾನ ಎಂದಿದ್ದಾರೆ. ಕಣ್ಣು ಸರಿಹೋಗಿದೆ. ಹೆಂಗಸರು ಸ್ನೇಹದಿಂದ ಹೆಗಲ ಮೇಲೆ ಕೈ ಹಾಕಿದರೂ ಬೆಚ್ಚುತ್ತಾಳೆ. ಅವಳು ಅರ್ಧಕ್ಕೆ ಬಿಟ್ಟ ಸಂಭಾಷಣೆಗೆ ದನಿ ಕೊಡಲು ನಮ್ಮ ಸ್ಟುಡಿಯೋಗೇ ಫೋನ್ ಬಂದಿತ್ತು. ತಾಯಿಯ ದನಿ ಹೊಂದುತ್ತದೆ ಎಂದರಂತೆ. ಆಗುವುದಿಲ್ಲ ಎಂದೆ. ನನ್ನ ಪಕ್ಕದ ಕುರ್ಚಿಯವಳು ಹೋಗಿ ಮುಗಿಸಿ ಬಂದಳು.

ಪೊಲೀಸ್ ದೂರು ಕೊಡಲಿಲ್ಲ. ನಾನು ಹೊರಟಿದ್ದೆ, ಅವಳೇ ತಡೆದಳು. "ಇಷ್ಟೆಲ್ಲ ಪಟ್ಟಿದ್ದು ಡಬ್ಬಿಯಲ್ಲಿ ಕೊಳೆಯೋಕಲ್ಲ ಅಮ್ಮಾ. ಸಿನಿಮಾ ಬರ್ಲಿ. ಜನ ನನ್ನ ನೋಡ್ಲಿ" ಎಂದು ಒಂದೊಂದೇ ಪದ ಮಾಡಿ ಹೇಳಿದಳು. ಕಳೆದ ಶುಕ್ರವಾರ ಸಿನಿಮಾ ಬಂತು. ಒಗಟು ಬಿಡಿಸಿತು ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಇದಕ್ಕೆಲ್ಲ ಮೂಲ ನಾನೇ. ಅಂದು ದಂಡೆಯ ಮೇಲೆ ನಿಜ ಹೇಳಿದ್ದರೆ ಅವರು ಇಂದು ಯಾರಿಗೂ ಮೇಷ್ಟ್ರಾಗಿರುತ್ತಿರಲಿಲ್ಲ. ನನ್ನ ಪಾಲಿನ ಪಾಪ ನಿನ್ನ ತಲೆಗೆ ಕಟ್ಟುವುದಿಲ್ಲ. ನಿನ್ನ ಪಾಲಿನದು ನಿನಗೇ ಇರಲಿ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಓದಿಸಿಲ್ಲ. ಪುಟ ತೋರಿಸಿದೆ, ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದೆ. ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಅತ್ತಳು. ನಿನ್ನ ಪತ್ರಗಳನ್ನೆಲ್ಲ ಒಲೆಗೆ ಹಾಕಿದೆ, 20ರದ್ದನ್ನು ಮೊದಲು. ಅವುಗಳಲ್ಲಿ ಏನಿತ್ತೆಂದು ಇನ್ನು ನಿನಗೂ ನನಗೂ ಮಾತ್ರ ಗೊತ್ತು.

ಅವಳು ದಿನಕ್ಕೊಂದು ಸಲ ನಿನ್ನ ಮಾತು ಎತ್ತುತ್ತಾಳೆ. ಬಿಸಿನೀರು ಕೊಟ್ಟ ಆಂಟಿ, ಆಸ್ಪತ್ರೆಯಲ್ಲಿ ಮೂರು ದಿನ ನಿದ್ದೆಗೆಟ್ಟ ಆಂಟಿ. ಆ ಜಾಗದಲ್ಲಿ ಮನುಷ್ಯರು ಎಂದಿದ್ದವರು ಅವರೊಬ್ಬರೇ ಎನ್ನುತ್ತಾಳೆ. "ಅವರಿಗೆ ಮೊದಲೇ ಗೊತ್ತಿದ್ದಿದ್ರೆ ನಂಗೆ ಹೇಳಿರೋರು, ಅಲ್ವಾ ಅಮ್ಮಾ?" ಎಂದು ಮೊನ್ನೆ ಕೇಳಿದಳು. ಹೌದಮ್ಮಾ, ಹೇಳಿರುತ್ತಿದ್ದರು ಎಂದೆ. ನಾನು ಹಿಂದೆ ನಿನ್ನ ಬಗ್ಗೆ ಹೇಳಿದ್ದು ಕೆಟ್ಟ ಸುಳ್ಳು, ಇದು ಒಳ್ಳೆಯ ಸುಳ್ಳು. ಇದನ್ನು ಜೀವ ಇರುವವರೆಗೂ ಹಿಂತೆಗೆದುಕೊಳ್ಳುವುದಿಲ್ಲ.

ನಿನ್ನನ್ನು ನೋಡಬೇಕಂತೆ. ನಿನಗೆಂದು ಒಂದು ಸ್ವೆಟರ್ ಹೆಣೆಯುತ್ತಿದ್ದಾಳೆ, ತೋಳಿನ ಅಳತೆ ಬೇಕಂತೆ. ನೀನು ಬಾಯಿಬಿಟ್ಟು ನಿಜ ಹೇಳಬೇಕೆಂದಿದ್ದರೆ ಹೇಳು, ನಾನು ತಡೆಯುವುದಿಲ್ಲ. ಅವಳು ನಂಬುವುದಿಲ್ಲ ಅಷ್ಟೇ. ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಳ್ಳುವಷ್ಟು ಒಳ್ಳೆಯವರು ಎಂದುಕೊಂಡು ಇನ್ನಷ್ಟು ಪ್ರೀತಿಸುತ್ತಾಳೆ. ಪ್ರತಿ ಭಾನುವಾರ ಆಂಟಿ ಬರಲಿ ಎಂದು ಈಗಲೇ ಹಟ ಹಿಡಿದಿದ್ದಾಳೆ. ಬರುವುದಿಲ್ಲ ಎಂದರೆ ಯಾಕೆಂದು ನೀನೇ ಅವಳಿಗೆ ಬರೆಯಬೇಕಾಗುತ್ತದೆ.

ಈ ಭಾನುವಾರ ಹತ್ತು ಗಂಟೆಗೆ ಬಾ. ಬಾಗಿಲು ಅವಳೇ ತೆಗೆಯುತ್ತಾಳೆ.

ಪಿಟೀಲು